ಕಂದು ಮುದ್ರೆ ಕಂಡ ಕೂಡಲೇ ದುಡ್ಡು ಕೊಡಬೇಡಿ

ಅಮೆರಿಕದಲ್ಲಿದ್ದುಕೊಂಡು ಹಳೇ ನೋಟು ಕೂಡಿಡುವ ಹುಚ್ಚು ಹತ್ತಿಸಿಕೊಂಡಿರುವ ಕನ್ನಡದವರು ಇದನ್ನೊಮ್ಮೆ ಓದಿ. ಒಹಾಯೋದ ಒಂದು ಕಾಯಿನ್ ಶೋನಲ್ಲಿ ವ್ಯಾಪಾರಿಯೊಬ್ಬ ನನಗೆ 1929ರ ಸರಣಿಯ 20 ಡಾಲರ್ ನೋಟನ್ನು 280 ಡಾಲರಿಗೆ ಮಾರಿದ. ಕವರಿನ ಮೇಲೆ ‘ನ್ಯಾಷನಲ್, ಕ್ಲೀವ್‌ಲ್ಯಾಂಡ್, ಅಪರೂಪ’ ಅಂತ ಪೆನ್ನಿನಲ್ಲಿ ಬರೆದಿತ್ತು. ‘ನ್ಯಾಷನಲ್’ ಅಂದರೆ ಯಾವುದೋ ಊರಿನ ಒಂದು ಬ್ಯಾಂಕು ತನ್ನ ಹೆಸರಿನಲ್ಲೇ ಕೊಟ್ಟ ನೋಟು. ಗ್ರೇಡಿಂಗಿಗೆ, ಅಂದರೆ ನೋಟು ಯಾವುದು, ಹೇಗಿದೆ ಅಂತ ಪರೀಕ್ಷಿಸಿ ಹೇಳುವವರಿಗೆ, ಕಳಿಸಿದೆ. ವಾಪಸ್ ಬಂದ ಪ್ಲಾಸ್ಟಿಕ್ ಹೋಲ್ಡರಿನ ಮೇಲೆ ಇದ್ದದ್ದು ‘ಫೆಡರಲ್ ರಿಸರ್ವ್ ಬ್ಯಾಂಕ್ ನೋಟ್’, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಪ್ರಾದೇಶಿಕ ಬ್ಯಾಂಕೊಂದರ ಹೆಸರಿನ ನೋಟು. ಕ್ಲೀವ್‌ಲ್ಯಾಂಡಿನ ಇಂಥ ನೋಟು ಬೇಕಾದಷ್ಟು ಸಿಗುತ್ತವೆ. ಕೈಯಿಂದ ಕೈಗೆ ಓಡಾಡಿ ಮಾಸಿದ್ದಕ್ಕೆ ಮುಖಬೆಲೆಗಿಂತ ಒಂದಿಷ್ಟು ಜಾಸ್ತಿ ಬಂದರೆ ಅದೇ ದೊಡ್ಡದು.

ಎರಡೂ ನೋಡೋಕೆ ಅಣ್ಣತಮ್ಮಂದಿರ ಹಾಗೆ. ಮೇಲೆ ‘ನ್ಯಾಷನಲ್ ಕರೆನ್ಸಿ’ ಅಂತ ಎರಡರಲ್ಲೂ ಇರುತ್ತದೆ, ಮುದ್ರೆಯೂ ಅದೇ ಕಂದು ಬಣ್ಣ. 1933ರ ಮಾರ್ಚಿನಲ್ಲಿ ಜನ ದುಡ್ಡು ತೆಗೆಯೋಕೆ ಬ್ಯಾಂಕುಗಳಿಗೆ ಮುಗಿಬಿದ್ದರು, ಅಲ್ವಾ? ಆಗ ಸರ್ಕಾರ ನ್ಯಾಷನಲ್ ಬ್ಯಾಂಕುಗಳ ನೋಟಿನ ಅಚ್ಚನ್ನೇ ಬಳಸಿಕೊಂಡು ಫೆಡರಲ್ ರಿಸರ್ವ್ ಬ್ಯಾಂಕುಗಳ ಹೆಸರಿನಲ್ಲಿ ನೋಟು ಹೊರಡಿಸಿತು. ಆ ಅವಸರ ನೋಟಿನ ಮೇಲೇ ಕಾಣುತ್ತದೆ. ಬಲಗಡೆ ಸಹಿಯ ಕೆಳಗೆ ಭೂತಗನ್ನಡಿ ಹಿಡಿಯಿರಿ: ‘ಪ್ರೆಸಿಡೆಂಟ್’ ಅನ್ನೋದನ್ನು ಕಪ್ಪು ಪಟ್ಟಿಯಲ್ಲಿ ಮುಚ್ಚಿ ‘ಗವರ್ನರ್’ ಅಂತ ಅಚ್ಚು ಹಾಕಿದ್ದಾರೆ. ಪಕ್ಕದಲ್ಲಿ ಆ ಫೆಡರಲ್ ರಿಸರ್ವ್ ಬ್ಯಾಂಕಿನ ಗುರುತಿಗೆ ಒಂದು ದಪ್ಪ ಕಪ್ಪು ಅಕ್ಷರ, ಕ್ಲೀವ್‌ಲ್ಯಾಂಡಿಗಾದರೆ ‘ಡಿ’.

ನಿಜವಾದ ನ್ಯಾಷನಲ್ ನೋಟಿನಲ್ಲಿ ಅಕ್ಷರದ ಬದಲು ಚಾರ್ಟರ್ ನಂಬರ್, ಅಂದರೆ ನೋಟು ಕೊಟ್ಟ ಬ್ಯಾಂಕಿನ ನೋಂದಣಿ ಸಂಖ್ಯೆ, ಇರುತ್ತದೆ, ಜೊತೆಗೆ ಆ ಬ್ಯಾಂಕಿನ ಹೆಸರು, ಊರು. ಬೆಲೆ ನಿಂತಿರೋದೂ ಅದರ ಮೇಲೇ. 1863ರಿಂದ 1935ರವರೆಗೆ ಸಾವಿರಾರು ಬ್ಯಾಂಕುಗಳು ಇಂಥ ನೋಟು ಕೊಟ್ಟಿವೆ. ದೊಡ್ಡ ಶಹರದ ಬ್ಯಾಂಕಿನದು ಹಳೇದಾದರೂ ಅಗ್ಗ. ಸಣ್ಣ ಊರಿನ ಬ್ಯಾಂಕಿನದು ನಾಲ್ಕೈದೇ ಉಳಿದಿದ್ದರೆ, ಹರಿದಿದ್ದರೂ ಜನ ಪೈಪೋಟಿಯಲ್ಲಿ ಕೊಳ್ಳುತ್ತಾರೆ. ‘ಎಷ್ಟು ಹಳೇದು’ ಅಂತ ಹೇಳಿ ರೇಟು ಏರಿಸುವವರ ಮಾತು ಸುಮ್ನೆ ಕೇಳಿ ಬಿಟ್ಟುಬಿಡಿ. ತೊಳೆದು ಇಸ್ತ್ರಿ ಹಾಕಿದ ನೋಟುಗಳೂ ಓಡಾಡುತ್ತಿವೆ. ಮಡಿಕೆಯ ಗುರುತಿದ್ದೂ ಕಾಗದ ಅನುಮಾನ ಬರುವಷ್ಟು ಬೆಳ್ಳಗಿದ್ದರೆ ಬೇಡ.

ವ್ಯಾಪಾರಿಗೆ ಫೋನ್ ಮಾಡಿದರೆ ಎಂಥ ಉತ್ತರ ಗೊತ್ತಾ? ‘ನೋಟಿನ ಮೇಲೆ ನ್ಯಾಷನಲ್ ಅಂತ ಇದೆಯಲ್ಲ ಸರ್, ನಾನು ಅದನ್ನೇ ಬರೆದೆ.’ ವಾಪಸ್ ತಗೊಳ್ಳಲ್ಲ ಅಂದ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ದೂರು ಹಾಕಬಹುದಿತ್ತು. ಆದರೆ ಕ್ಯಾಶ್ ಕೊಟ್ಟರೆ 20 ಡಾಲರ್ ಬಿಡ್ತೀನಿ ಅಂದಿದ್ದೂ ಅವನೇ.