ಕೀನ್ಯಾದ ಎಂ-ಪೆಸಾ: ಯುಪಿಐ ರೂಢಿಯವರು ಎಡವುವ ಜಾಗಗಳು

ನೈರೋಬಿಗೆ ಕೆಲಸಕ್ಕೋ ವ್ಯಾಪಾರಕ್ಕೋ ಹೊರಟವರು ಅಲ್ಲಿನ ಮೊಬೈಲ್ ಹಣದ ಸೇವೆಯಾದ ಎಂ-ಪೆಸಾ ಎಂದರೆ ಕೀನ್ಯಾದ ಯುಪಿಐ ಎಂದುಕೊಂಡಿರುತ್ತಾರೆ. ಹೆಸರಿನಲ್ಲಿ ನಂಟಿರುವುದು ನಿಜ: ಅಲ್ಲಿನ ಸ್ವಾಹಿಲಿ ಭಾಷೆಯ 'ಪೆಸಾ' ನಮ್ಮ ಪೈಸೆಯಿಂದಲೇ ಬಂದ ಮಾತು. ಒಳಗಿನ ಏರ್ಪಾಡು ಮಾತ್ರ ಬೇರೆ. ಯುಪಿಐ ಬ್ಯಾಂಕ್ ಖಾತೆಯನ್ನು ನೆಚ್ಚಿಕೊಂಡಿದೆ. 2007ರಲ್ಲಿ ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ ಶುರುಮಾಡಿದ ಎಂ-ಪೆಸಾಗೆ ಸಿಮ್ ಮತ್ತು ಗುರುತಿನ ದಾಖಲೆ ಸಾಕು. ಹೊರದೇಶದವರಿಗೆ ಪಾಸ್‌ಪೋರ್ಟ್ ನಡೆಯುತ್ತದೆ. ನಗದು ತುಂಬುವುದೂ ತೆಗೆಯುವುದೂ ಬೀದಿಬದಿಯ ಏಜೆಂಟ್ ಅಂಗಡಿಯಲ್ಲಿ. ಇಂಟರ್ನೆಟ್ ಇಲ್ಲದ ಗುಂಡಿ ಫೋನಿನಲ್ಲೂ *334# ಒತ್ತಿದರೆ ಕೆಲಸ ಆಗುತ್ತದೆ. ಈ ವಿಷಯದಲ್ಲಿ ಎಂ-ಪೆಸಾಗೆ ಪೂರ್ತಿ ಅಂಕ ಕೊಡಲೇಬೇಕು.

ಅಂಕ ಕಳೆಯಬೇಕಾದದ್ದು ಶುಲ್ಕಕ್ಕೆ. ಏಜೆಂಟ್ ಬಳಿ ಹಣ ತುಂಬಲು ಏನೂ ಕೊಡಬೇಕಿಲ್ಲ. ಆದರೆ 2023ರ ದರಪಟ್ಟಿಯಂತೆ 1,000 ಶಿಲಿಂಗ್ ಕಳಿಸಲು 13, ಪಡೆದವರು ಅದನ್ನು ನಗದಾಗಿ ತೆಗೆಯಲು 29 ಶಿಲಿಂಗ್. ಹಾಗಾಗಿಯೇ ಅಲ್ಲಿ 'ತುಮಾ ನಾ ಯಾ ಕುಟೋವಾ' ಎನ್ನುವ ಮಾತು ರೂಢಿಯಲ್ಲಿದೆ: ತೆಗೆಯುವ ಖರ್ಚನ್ನೂ ಸೇರಿಸಿ ಕಳಿಸು ಎಂದರ್ಥ. ಯಾರಾದರೂ ಹೀಗೆ ಕೇಳಿದರೆ ಅದು ದುರಾಸೆಯಲ್ಲ, ಅಲ್ಲಿನ ಮರ್ಯಾದೆಯ ಲೆಕ್ಕ.

ಅಂಗಡಿಯಲ್ಲಿ ಕೊಡುವಾಗ ಕ್ಯೂಆರ್ ಹುಡುಕುತ್ತ ನಿಲ್ಲಬೇಡಿ. ಗೋಡೆಯ ಮೇಲೆ ಬರೆದಿರುವುದು ಟಿಲ್ ನಂಬರ್ (ಅಂಗಡಿಗೆ ಹಣ ಕೊಡುವ ಸಂಖ್ಯೆ) ಅಥವಾ ಪೇಬಿಲ್ ನಂಬರ್ (ಬಿಲ್ ಕಟ್ಟುವ ಸಂಖ್ಯೆ). ಟಿಲ್ ಆದರೆ 'ಬೈ ಗೂಡ್ಸ್' ಆರಿಸಿ, ನಂಬರ್, ಮೊತ್ತ, ಪಿನ್ ಹಾಕಿದರೆ ಮುಗಿಯಿತು, ಗ್ರಾಹಕರಿಗೆ ಶುಲ್ಕವಿಲ್ಲ. ಪೇಬಿಲ್‌ಗೆ ಇದರ ಜೊತೆ ಅಕೌಂಟ್ ನಂಬರ್ ಕೂಡ ಬೇಕು. ಪ್ರೀಪೇಯ್ಡ್ ಕರೆಂಟಿಗೆ ಪೇಬಿಲ್ 888880, ಅಕೌಂಟ್ ಜಾಗದಲ್ಲಿ ಮೀಟರ್ ನಂಬರ್. ಎಸ್‌ಎಂಎಸ್‌ನಲ್ಲಿ ಬರುವ 20 ಅಂಕಿಯ ಟೋಕನ್ ಅನ್ನು ಮೀಟರಿಗೆ ಒತ್ತಬೇಕು. ಮೀಟರ್ ನಂಬರ್ ತಪ್ಪಿದರೆ ನಿಮ್ಮ ದುಡ್ಡಿನಲ್ಲಿ ಬೇರೆಯವರ ಮನೆಯ ದೀಪ ಉರಿಯಬಹುದು. 'ನನ್ನ ನಂಬರಿಗೇ ಹಾಕಿ' ಎನ್ನುವ ಅಂಗಡಿಯವರಿದ್ದಾರೆ. ಆಗ ವ್ಯಾಪಾರಿಯ ಶುಲ್ಕ ಉಳಿದು, ಕಳಿಸುವ ಶುಲ್ಕ ನಿಮ್ಮ ತಲೆಗೆ ಬರುತ್ತದೆ. ಟಿಲ್ ನಂಬರನ್ನೇ ಕೇಳಿ.

ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ ಮಾರುವವರ ಹತ್ತಿರ ಕೊಳ್ಳುವಾಗ ಸಾಮಾನು ಕೈಸೇರಿದ ಮೇಲೆ ಬಾಗಿಲಲ್ಲೇ ಎಂ-ಪೆಸಾ ಮಾಡುವುದು ಒಳ್ಳೆಯದು. ಕೆಲವು ಜಾಲತಾಣಗಳು ನೇರ ನಿಮ್ಮ ಫೋನಿಗೇ ಪಿನ್ ಕೇಳುವ ಕಿಟಕಿ ಕಳಿಸುತ್ತವೆ. ಅದರಲ್ಲಿನ ಹೆಸರು, ಮೊತ್ತ ಓದದೆ ಪಿನ್ ಒತ್ತಬಾರದು.

ಕಳಿಸುವ ಮುನ್ನ ಪಡೆಯುವವರ ಹೆಸರು ತೋರಿಸುವ ಸೌಲಭ್ಯವಿದೆ, ಅದನ್ನು ಓದಿ. ಹಣ ತಪ್ಪು ನಂಬರಿಗೆ ಹೋದರೆ, ಕಳಿಸಿದ್ದಕ್ಕೆ ಬಂದ ಖಾತರಿ ಎಸ್‌ಎಂಎಸ್ ಅನ್ನು ತಕ್ಷಣ 456ಕ್ಕೆ ಫಾರ್ವರ್ಡ್ ಮಾಡಿ; ಆ ನಂಬರಿನವರು ನಗದು ತೆಗೆದುಬಿಟ್ಟರೆ ಮರಳಿ ಪಡೆಯುವುದು ಕಷ್ಟ. 'ತಪ್ಪಾಗಿ ನಿಮಗೆ ಹಣ ಬಂದಿದೆ, ವಾಪಸ್ ಕಳಿಸಿ' ಎಂಬ ಕರೆ ಬಂದರೆ ಮೊದಲು ನಿಮ್ಮ ಖಾತೆಯಲ್ಲಿ ಎಷ್ಟಿದೆ ನೋಡಿ. ನಿಜವಾದ ಸಂದೇಶ 'ಎಂಪೆಸಾ' ಹೆಸರಿನಿಂದ ಬರುತ್ತದೆ, ಸಾಧಾರಣ ಮೊಬೈಲ್ ನಂಬರಿನಿಂದಲ್ಲ.

ಕೊನೆಯದು ಫುಲಿಝಾ. ಖಾತೆಯಲ್ಲಿ ಹಣ ಸಾಲದಿದ್ದಾಗ ಉಳಿದದ್ದನ್ನು ಸಾಲವಾಗಿ ತುಂಬುವ ಸೌಲಭ್ಯ ಇದು. ಸಾಲ ತೀರುವವರೆಗೆ ದಿನದ ಲೆಕ್ಕದಲ್ಲಿ ಶುಲ್ಕ ಏರುತ್ತದೆ, ಮುಂದೆ ಖಾತೆಗೆ ಬಂದ ಹಣ ಮೊದಲು ಆ ಸಾಲಕ್ಕೇ ಮುರಿದುಹೋಗುತ್ತದೆ. ನೀವಾಗಿ ಒಪ್ಪಿದರೆ ಮಾತ್ರ ಇದು ಚಾಲೂ ಆಗುವುದು. ತಿಂಗಳ ಲೆಕ್ಕ ಹಿಡಿತದಲ್ಲಿರಬೇಕಾದವರು ಒಪ್ಪದಿರುವುದೇ ಕ್ಷೇಮ.