ಸೋತಾಗ ಕೈಗೆ ಏನು ಸಿಕ್ಕಿತು? ಬರೆಯುವ ಹುಡುಗರ ದಾರಿಗಳ ಹೋಲಿಕೆ

ನನ್ನ ಹತ್ತಿರ ಒಂದು ಹಳೇ ನೋಟ್‌ಬುಕ್ ಇದೆ. ಹದಿನಾರರಿಂದ ಇಪ್ಪತ್ತನಾಲ್ಕನೇ ವಯಸ್ಸಿನವರೆಗೆ ಯಾವ ಕಥೆ, ಯಾವ ಕವಿತೆ ಎಲ್ಲಿಗೆ ಕಳಿಸಿದೆ, ಉತ್ತರ ಯಾವಾಗ ಬಂತು ಅಂತ ಅದರಲ್ಲಿ ಬರೆದಿಟ್ಟಿದ್ದೇನೆ. ಒಟ್ಟು 61 ಸಾಲು. ‘ಆಯ್ಕೆ’ ಎಂದು ಬರೆದಿರುವುದು ಏಳು ಕಡೆ. ಮಿಕ್ಕದ್ದೆಲ್ಲ ‘ಇಲ್ಲ’, ಅಥವಾ ಸುಮ್ನೆ ಖಾಲಿ ಜಾಗ.

ಮೊನ್ನೆ ಅಕ್ಕನ ಮಗಳು, ಹದಿನೈದು ವರ್ಷದವಳು, ‘ಚಿಕ್ಕಮ್ಮ, ನಾನು ಬರೆದದ್ದನ್ನ ಎಲ್ಲಿಗೆ ಕಳಿಸಿದ್ರೆ ಒಳ್ಳೇದು?’ ಎಂದು ಕೇಳಿದಳು. ನೋಟ್‌ಬುಕ್ ತೆಗೆದು ಕೂತೆವು. ಎಲ್ಲಿ ಗೆದ್ದೆ ಎಂದು ನೋಡುತ್ತಾ ಹೋದರೆ ಏಳು ಸಾಲಿಗೆ ಮಾತು ಮುಗಿದುಹೋಗುತ್ತೆ. ಅದಕ್ಕೇ ಬೇರೆ ಲೆಕ್ಕ ಹಿಡಿದೆ. ಸೋತಾಗ ಯಾವ ದಾರಿ ನನಗೆ ಏನು ಕೊಟ್ಟಿತು? ಬರೆಯುವವರು ಜಾಸ್ತಿ ಸಲ ಸೋಲುವವರೇ, ಅಲ್ವಾ?

ಮೊದಲ ಗುಂಪು, ವಯಸ್ಸಿನ ಮಿತಿ ಇರುವ, ಶುಲ್ಕ ಇಲ್ಲದ ಸ್ಪರ್ಧೆಗಳು. ನಾನು ಎರಡಕ್ಕೆ ಕಳಿಸಿದ್ದೆ. ಒಂದು ಕ್ವೀನ್ಸ್ ಕಾಮನ್‌ವೆಲ್ತ್ ಎಸ್ಸೇ ಕಾಂಪಿಟಿಷನ್. 1883ರಿಂದ ನಡೆದುಬಂದಿರುವ ಸ್ಪರ್ಧೆ ಇದು. ಹೆಸರಿನಲ್ಲಿ ಪ್ರಬಂಧ ಅಂತಿದ್ದರೂ ಕವಿತೆ, ಕಥೆ, ಪತ್ರ, ನಾಟಕದ ದೃಶ್ಯ ಯಾವುದನ್ನಾದರೂ ಕಳಿಸಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹದಿನಾಲ್ಕರೊಳಗಿನವರಿಗೆ ಕಿರಿಯರ ವಿಭಾಗ, 14ರಿಂದ 18ರವರಿಗೆ ಹಿರಿಯರ ವಿಭಾಗ. ಇನ್ನೊಂದು ಫಾಯ್ಲ್ ಯಂಗ್ ಪೊಯೆಟ್ಸ್ ಎಂಬ ಕವಿತೆಯ ಸ್ಪರ್ಧೆ. 11ರಿಂದ 17 ವರ್ಷದವರಿಗೆ, ಯಾವ ದೇಶದವರಾದರೂ ಸರಿ. ಬ್ರಿಟನ್ನಿನ ಪೊಯೆಟ್ರಿ ಸೊಸೈಟಿ ನಡೆಸುತ್ತದೆ. ಪ್ರತಿ ವರ್ಷ ನೂರು ಜನರನ್ನು ಆರಿಸುತ್ತಾರೆ. ಅದರಲ್ಲಿ ಹದಿನೈದು ಮಂದಿ ಮೊದಲ ಸಾಲಿನವರು.

ಎರಡಕ್ಕೂ ಇಂಗ್ಲಿಷಿನಲ್ಲೇ ಬರೆಯಬೇಕು. ಕನ್ನಡದಲ್ಲಿ ಯೋಚಿಸುವವರಿಗೆ ಅದೊಂದು ತೊಡಕು, ಇಲ್ಲ ಅನ್ನಲಾರೆ.

ಪ್ರಬಂಧದ ಸ್ಪರ್ಧೆಯಲ್ಲಿ ನನಗೆ ಕಂಚಿನ ದರ್ಜೆ ಬಂತು. ಫಾಯ್ಲ್‌ನಲ್ಲಿ ಎರಡು ವರ್ಷವೂ ಸೋತೆ. ತಮಾಷೆ ಏನೆಂದರೆ, ಸೋತ ಕಡೆಯೇ ಜಾಸ್ತಿ ಕಲಿತೆ. ಗೆದ್ದವರ ಕವಿತೆಗಳನ್ನು ಅವರು ಎಲ್ಲರಿಗೂ ಓದಲು ಇಡುತ್ತಾರೆ. ನನ್ನ ವಯಸ್ಸಿನವರೇ ಬರೆದದ್ದು. ನಾನು ‘ನೋವು’, ‘ಕತ್ತಲೆ’, ‘ಮೌನ’ ಅಂತ ಬರೆದು ಕಳಿಸಿದ್ದೆ. ಗೆದ್ದವರು ಒಂದು ಕೈಗವಸು, ಒಂದು ಬಸ್ಸು, ಅಜ್ಜನ ಷೇವಿಂಗ್ ಬ್ರಷ್, ಇಂಥವನ್ನು ಹಿಡಿದು ಬರೆಯುವವರು. ನನ್ನ ಕವಿತೆಯಲ್ಲಿ ಕೈಗೆ ಹಿಡಿಯಲು ಒಂದೇ ಒಂದು ವಸ್ತು ಇರಲಿಲ್ಲ. ಆ ಮಾತು ಯಾರೂ ಹೇಳಲಿಲ್ಲ, ಪಕ್ಕಪಕ್ಕ ಇಟ್ಟು ಓದಿದ ಮೇಲೆ ತಾನಾಗಿ ಹೊಳೆಯಿತು.

ಕೊರತೆ ಅಂದರೆ, ನಮ್ಮ ಬರಹದ ಬಗ್ಗೆ ಒಂದು ಸಾಲೂ ವಾಪಸ್ ಬರುವುದಿಲ್ಲ. ಸಾವಿರಾರು ಬರಹ ಬರುವಾಗ ಹಾಗೆ ಬರೆಯುತ್ತಾ ಕೂರುವುದು ಯಾರಿಗೂ ಆಗದ ಕೆಲಸ. ಇನ್ನೊಂದು, ಈ ಬಾಗಿಲು ಹದಿನೆಂಟರ ಆಸುಪಾಸಿಗೆ ಮುಚ್ಚುತ್ತದೆ. ಆಮೇಲೆ ದೊಡ್ಡವರ ಜೊತೆಯೇ ಪೈಪೋಟಿ. ಅದಕ್ಕೇ ಹದಿನೈದರ ಹುಡುಗಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಬೇರೆ ದಾರಿಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಇಪ್ಪತ್ತರಲ್ಲಿ ಕಾಮನ್‌ವೆಲ್ತ್ ಷಾರ್ಟ್ ಸ್ಟೋರಿ ಪ್ರೈಜ್‌ಗೂ ಒಂದು ಕಥೆ ಕಳಿಸಿದೆ. ಅದಕ್ಕೆ ಹದಿನೆಂಟು ತುಂಬಿರಬೇಕು, ಕಥೆ 2,000ದಿಂದ 5,000 ಪದ, ಶುಲ್ಕ ಇಲ್ಲ. ನನಗೆ ಇಷ್ಟವಾದದ್ದು ಅವರ ಒಂದು ನಿಯಮ. ಬೇರೆ ಭಾಷೆಯಲ್ಲಿ ಬರೆದ ಕಥೆಯನ್ನು ಇಂಗ್ಲಿಷಿಗೆ ಅನುವಾದಿಸಿ ಕಳಿಸಬಹುದು, ಅದು ಗೆದ್ದರೆ ಅನುವಾದಕರಿಗೂ ಬೇರೆ ಹಣ ಕೊಡುತ್ತಾರೆ. ಕನ್ನಡದಲ್ಲಿ ಬರೆದ ಕಥೆಯನ್ನು ಗೆಳತಿಯೊಬ್ಬಳು ಅನುವಾದಿಸಿಕೊಟ್ಟಳು. ಆಯ್ಕೆ ಆಗಲಿಲ್ಲ. ಆದರೆ ಅನುವಾದ ಮಾಡುವಾಗ ಅವಳು ಕೇಳಿದ ಪ್ರಶ್ನೆಗಳು! ‘ಇಲ್ಲಿ “ಅವನು” ಅಂದ್ರೆ ಯಾರು, ಅಪ್ಪನೋ ಮಗನೋ?’ ನನಗೇ ಗೊತ್ತಿರಲಿಲ್ಲ.

ಇನ್ನು ಶುಲ್ಕ ಕೇಳುವ ಸ್ಪರ್ಧೆಗಳು. ಇದರ ಬಗ್ಗೆ ಒಂದೇ ಏಟಿಗೆ ‘ಎಲ್ಲ ಮೋಸ’ ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸಣ್ಣ ಪತ್ರಿಕೆಗಳು ಬಹುಮಾನದ ಹಣ, ತೀರ್ಪುಗಾರರ ಸಂಭಾವನೆ ಎಲ್ಲ ಆ ಶುಲ್ಕದಿಂದಲೇ ಹೊಂದಿಸುತ್ತವೆ. ತೀರ್ಪುಗಾರರು ಯಾರು, ಹೋದ ಸಲ ಯಾರು ಗೆದ್ದರು, ಆ ಬರಹ ಎಲ್ಲಿ ಓದಲು ಸಿಗುತ್ತದೆ ಎಂಬ ಮೂರಕ್ಕೂ ನೇರ ಉತ್ತರ ಇದ್ದರೆ ಸರಿ. ನಾನು ಹಣ ಕಟ್ಟಿದ ನಾಲ್ಕರಲ್ಲಿ ಎರಡು ಹಾಗಿದ್ದವು. ಒಂದರಲ್ಲಿ ಇಪ್ಪತ್ತು ಜನರ ಪಟ್ಟಿಯಲ್ಲಿ ಹೆಸರು ಬಂತು.

ಮೂರನೆಯದರಲ್ಲಿ ನಾನು ‘ಸೆಮಿಫೈನಲಿಸ್ಟ್’. ಖುಷಿಯಿಂದ ಕುಣಿದೆ. ಆಮೇಲೆ ಗೊತ್ತಾಯಿತು, ನನಗೆ ಗೊತ್ತಿದ್ದ ಐದು ಜನ ಕಳಿಸಿದ್ದರು, ಐದೂ ಜನ ಸೆಮಿಫೈನಲಿಸ್ಟು. ಪ್ರಮಾಣಪತ್ರಕ್ಕೆ ಫ್ರೇಮ್ ಬೇಕಾ, ಪದಕ ಬೇಕಾ ಎಂದು ತಿಂಗಳುಗಟ್ಟಲೆ ಮೇಲ್ ಬರುತ್ತಿತ್ತು.

ನಾಲ್ಕನೆಯದರ ಕಥೆ ಸ್ವಲ್ಪ ಉದ್ದ. ಅಲ್ಲಿ ನಾನು ಸೋತೆ, ಪರವಾಗಿಲ್ಲ. ಎಂಟು ತಿಂಗಳ ನಂತರ ಅದೇ ಕಥೆಯನ್ನು ತಿದ್ದಿ ಒಂದು ಪತ್ರಿಕೆಗೆ ಕಳಿಸಿದೆ, ಅವರು ಒಪ್ಪಿದರು. ಒಪ್ಪಂದದ ಪತ್ರಕ್ಕೆ ಸಹಿ ಹಾಕುವ ಮುಂಚೆ ಯಾಕೋ ಹಳೇ ಸ್ಪರ್ಧೆಯ ನಿಯಮಗಳನ್ನು ತೆಗೆದು ನೋಡಿದೆ. ‘ಬಂದ ಎಲ್ಲ ಬರಹಗಳನ್ನೂ ಪ್ರಕಟಿಸುವ ಹಕ್ಕು ಸಂಘಟಕರದ್ದು’ ಎಂದಿತ್ತು. ಗೆದ್ದವಷ್ಟೇ ಅಲ್ಲ, ಬಂದ ಎಲ್ಲವೂ! ಅಂದರೆ ಹಣ ಕಟ್ಟಿ, ಸೋತು, ಮೇಲೆ ಕಥೆಯನ್ನೂ ಕೊಟ್ಟುಬಂದಿದ್ದೆ. ಪತ್ರಿಕೆಗೆ ನಿಜ ಹೇಳಿದೆ. ಅವರು ಪಾಪ ಮರ್ಯಾದೆಯಿಂದಲೇ ಕಥೆ ಕೈಬಿಟ್ಟರು. 61 ಸಾಲುಗಳಲ್ಲಿ ಈಗಲೂ ಉರಿಸುವ ಸಾಲು ಅದೊಂದೇ.

ಆ ಮೇಲೆ ನಾನು ನಿಯಮದ ಪುಟವನ್ನು ಕೊನೆಯಿಂದ ಮೊದಲಿಗೆ ಓದುತ್ತೇನೆ. ಹಕ್ಕಿನ ಮಾತು ಸಾಮಾನ್ಯವಾಗಿ ಕೆಳಗೇ ಅಡಗಿರುತ್ತದೆ. ‘ಮೊದಲ ಪ್ರಕಟಣೆಯ ಹಕ್ಕು’ ಎಂದಿದ್ದರೆ ಭಯವಿಲ್ಲ, ಒಮ್ಮೆ ಅವರು ಹಾಕಿದ ಮೇಲೆ ಬರಹ ಮತ್ತೆ ನಿಮ್ಮದೇ. ‘ಶಾಶ್ವತ’, ‘ಎಲ್ಲ ರೂಪಗಳಲ್ಲಿ’, ‘ಬಂದ ಎಲ್ಲ ಬರಹ’ ಇಂಥ ಪದ ಕಂಡರೆ ಪುಟ ಮುಚ್ಚಿಬಿಡುತ್ತೇನೆ.

ಇದಕ್ಕಿಂತ ಕೀಳು ಅಂದರೆ ಕವನ ಸಂಕಲನದ ವ್ಯಾಪಾರ. ಕವಿತೆ ಕಳಿಸಿ ಒಂದೇ ದಿನಕ್ಕೆ ‘ಅದ್ಭುತ, ಆಯ್ಕೆಯಾಗಿದೆ’ ಎಂದು ಉತ್ತರ. ಸಂಕಲನದಲ್ಲಿ ಜಾಗ ಬೇಕಾದರೆ ಇಷ್ಟು ಪ್ರತಿ ಕೊಳ್ಳಬೇಕು. ಕೊಂಡೆ. ನೂರಾರು ಕವಿಗಳು, ಓದುಗರೂ ಅವರೇ. ನನ್ನ ಹೆಸರಿನ ಅಕ್ಷರ ಬೇರೆ ತಪ್ಪಾಗಿತ್ತು. ನೋಟ್‌ಬುಕ್ಕಿನಲ್ಲಿ ಇದನ್ನೂ ‘ಆಯ್ಕೆ’ ಎಂದು ಬರೆದಿದ್ದೆ. ಮೊನ್ನೆ ಹೊಡೆದುಹಾಕಿದೆ. ಈಗ ಆರು.

ಪತ್ರಿಕೆಗಳಿಗೆ ಕಳಿಸುವುದು ಎಲ್ಲಕ್ಕಿಂತ ನಿಧಾನದ ದಾರಿ. ಮೂರು ತಿಂಗಳು ಕಾಯುವುದು ಮಾಮೂಲು, ಒಮ್ಮೆ ಹನ್ನೊಂದು ತಿಂಗಳು ಕಾದೆ. ಕೆಲವರು ಒಂದೇ ಬರಹವನ್ನು ಬೇರೆ ಕಡೆಗೂ ಕಳಿಸಬಹುದು ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಒಂದು ಕಡೆ ಒಪ್ಪಿದರೆ ಉಳಿದ ಕಡೆಗೆ ಅವತ್ತೇ ತಿಳಿಸಬೇಕು, ಇಲ್ಲದಿದ್ದರೆ ಸಂಪಾದಕರು ಹೆಸರು ನೆನಪಿಟ್ಟುಕೊಳ್ಳುತ್ತಾರೆ.

ಇಷ್ಟಾದರೂ ನನ್ನ ಮಟ್ಟಿಗೆ ಇದೇ ಮೇಲು. ಕಾರಣ, ಎರಡು ಸಾಲಿನ ಒಂದು ಮೇಲ್. ಹತ್ತೊಂಬತ್ತರಲ್ಲಿ ಕಳಿಸಿದ ಕಥೆಯೊಂದನ್ನು ತಿರಸ್ಕರಿಸಿ ಸಂಪಾದಕರೊಬ್ಬರು ಬರೆದಿದ್ದರು: ಕೊನೇ ಪ್ಯಾರಾದಲ್ಲಿ ನೀವು ಕಥೆಯನ್ನು ನಮಗೆ ವಿವರಿಸುತ್ತಿದ್ದೀರಿ, ಅದು ಬೇಡ, ಅದರ ಹಿಂದಿನ ಪ್ಯಾರಾದಲ್ಲೇ ಕಥೆ ಮುಗಿದಿದೆ. ನನ್ನ ಹಳೇ ಕಥೆಗಳನ್ನೆಲ್ಲ ತೆಗೆದು ಕೊನೇ ಪ್ಯಾರಾ ಮುಚ್ಚಿ ಓದಿದೆ. ಹತ್ತರಲ್ಲಿ ಎಂಟಕ್ಕೆ ಅದೇ ರೋಗ! ಯಾವ ಪದಕವೂ ಇದನ್ನು ಕೊಡಲಿಲ್ಲ. ಅಂಥ ಮೇಲ್ ಪ್ರತಿ ಸಲ ಬರುವುದಿಲ್ಲ. ಎಂಟು ವರ್ಷದಲ್ಲಿ ನನಗೆ ಬಂದದ್ದು ನಾಲ್ಕು.

ಅಕ್ಕನ ಮಗಳಿಗೆ ಮಾತ್ರ ಇದು ರುಚಿಸಲಿಲ್ಲ. ‘ಹನ್ನೊಂದು ತಿಂಗಳಾ? ವಾಟ್‌ಪ್ಯಾಡ್‌ನಲ್ಲಿ ರಾತ್ರಿ ಹಾಕಿದ್ರೆ ಬೆಳಿಗ್ಗೆ ಕಾಮೆಂಟ್ ಇರುತ್ತೆ’ ಎಂದಳು. ಸರಿಯಾದ ಮಾತೇ. ಯಾರು ಬೇಕಾದರೂ ಕಥೆ ಹಾಕಬಹುದಾದ, 2006ರಲ್ಲಿ ಶುರುವಾದ ವಾಟ್‌ಪ್ಯಾಡ್ ಜಾಲತಾಣದಲ್ಲಿ ನಾನೂ ಒಂದು ಧಾರಾವಾಹಿ ಹಾಕಿದ್ದೆ, ಇಪ್ಪತ್ತೊಂದು ಕಂತು. ಅಲ್ಲಿ ಓದುಗರು ಪ್ಯಾರಾದ ಪಕ್ಕದಲ್ಲೇ ಕಾಮೆಂಟ್ ಬರೆಯಬಹುದು. ಯಾವ ಸಾಲಿಗೆ ನಕ್ಕರು, ಯಾವ ಕಂತಿನ ಮೇಲೆ ಓದುವುದು ಬಿಟ್ಟರು ಎಂಬುದು ಕಣ್ಣಿಗೇ ಕಾಣುತ್ತದೆ. ವಾರಕ್ಕೊಂದು ಕಂತು ಬರೆಯುವ ಶಿಸ್ತು ನನಗೆ ಬಂದದ್ದು ಅಲ್ಲಿಂದಲೇ.

ಆದರೆ ಹತ್ತನೇ ಕಂತಿನ ಹೊತ್ತಿಗೆ ನಾನು ಕಥೆ ಬರೆಯುತ್ತಿರಲಿಲ್ಲ, ಕಾಮೆಂಟಿಗಾಗಿ ಬರೆಯುತ್ತಿದ್ದೆ. ಪ್ರತಿ ಕಂತಿನ ಕೊನೆಗೆ ಯಾರೋ ಬಾಗಿಲು ಬಡಿಯುತ್ತಿದ್ದರು! ಇನ್ನೊಂದು ಮಾತು: ಹೀಗೆ ಎಲ್ಲರಿಗೂ ಕಾಣುವಂತೆ ಹಾಕಿದ ಬರಹವನ್ನು ಬಹಳಷ್ಟು ಪತ್ರಿಕೆಗಳು, ಸ್ಪರ್ಧೆಗಳು ‘ಆಗಲೇ ಪ್ರಕಟವಾಗಿದೆ’ ಎಂದು ಲೆಕ್ಕ ಹಾಕುತ್ತವೆ. ಅದಕ್ಕೇ ಎರಡು ಡಬ್ಬಿ ಇಟ್ಟುಕೋ ಎಂದೆ. ಒಂದರಲ್ಲಿ ಆನ್‌ಲೈನಿಗೆ ಹಾಕುವುದು, ಇನ್ನೊಂದರಲ್ಲಿ ಕಳಿಸುವುದು. ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಡ.

ಎಲ್ಲಿ ಹಾಕಿದರೂ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. 1999ರಲ್ಲಿ ಶುರುವಾಗಿ, ನವೆಂಬರ್ ಒಂದೇ ತಿಂಗಳಲ್ಲಿ 50,000 ಪದ ಬರೆಯಿರಿ ಎಂದು ಎಷ್ಟೋ ಎಳೆಯರನ್ನು ಬರೆಯಲು ಕೂರಿಸಿದ ನ್ಯಾನೋರೈಮೋ ಸಂಸ್ಥೆಯೇ 2025ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು.

ಸ್ವಂತವಾಗಿ ಪುಸ್ತಕ ಮಾಡುವುದರ ಬಗ್ಗೆ ಹೆಚ್ಚು ಹೇಳಲಾರೆ. ನಾವೇ ಪುಸ್ತಕ ಹಾಕಿ ಮಾರಬಹುದಾದ ಅಮೆಜಾನಿನ ಕೆಡಿಪಿ ಜಾಲತಾಣದಲ್ಲಿ ಇಂಗ್ಲಿಷ್ ಕಥೆಗಳ ಇಬುಕ್ ಒಂದನ್ನು ಇಪ್ಪತ್ಮೂರನೇ ವಯಸ್ಸಿನಲ್ಲಿ ಹಾಕಿದೆ. ಹಾಕಲು ಕಾಸು ಕೊಡಬೇಕಿಲ್ಲ, ಬೆಲೆಗೆ ತಕ್ಕಂತೆ ಮಾರಾಟದ ಹಣದಲ್ಲಿ ಶೇ 35 ಇಲ್ಲವೇ ಶೇ 70 ಬರೆದವರಿಗೆ. ಹದಿನೆಂಟು ತುಂಬದವರು ಸ್ವಂತ ಖಾತೆ ತೆರೆಯುವಂತಿಲ್ಲ, ಅಪ್ಪ ಅಮ್ಮನ ಖಾತೆಯೇ ಬೇಕು. 38 ಪ್ರತಿ ಹೋಯಿತು, ಕೊಂಡವರಲ್ಲಿ ಅರ್ಧ ನೆಂಟರು. ತಿದ್ದುವವರು ಒಬ್ಬರೂ ಇರಲಿಲ್ಲ, ಅದು ನನ್ನದೇ ಅವಸರ. ‘ಬೇಡ’ ಅನ್ನುವವರೇ ಇಲ್ಲದ ದಾರಿಯಲ್ಲಿ ಸೋಲು ಕೂಡ ಸದ್ದಿಲ್ಲದೆ ಬರುತ್ತೆ. ಎಲ್ಲಿ ತಪ್ಪಿತು ಎಂದು ಹೇಳುವವರೂ ಇರುವುದಿಲ್ಲ.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಧಾರಾವಾಹಿ ಅವಳ ಇಷ್ಟದಂತೆ ವಾಟ್‌ಪ್ಯಾಡಿಗೆ. ಕವಿತೆ ಮಾತ್ರ ಎಲ್ಲೂ ಹಾಕದೆ ಫಾಯ್ಲ್‌ಗೆ. ಹದಿನೇಳು ಮುಗಿಯುವವರೆಗೆ ಹಣ ಕೇಳುವ ಯಾವುದಕ್ಕೂ ಇಲ್ಲ. ಒಂದು ಕಥೆ ಪತ್ರಿಕೆಗೆ ಕಳಿಸಿ ಮರೆತುಬಿಡಬೇಕು. ‘ಮರೆಯೋದು ಹೇಗೆ?’ ಎಂದಳು. ಇನ್ನೊಂದು ಬರೆಯಲು ಶುರು ಮಾಡಿದರೆ ಆಯಿತು ಎಂದೆ. ಅವಳು ನಂಬಲಿಲ್ಲ.

ನೋಟ್‌ಬುಕ್ಕಿನ ಉಳಿದ ಖಾಲಿ ಹಾಳೆಗಳನ್ನು ಅವಳಿಗೇ ಕೊಟ್ಟೆ. ಮೊದಲ ಸಾಲಿನಲ್ಲಿ ಫಾಯ್ಲ್ ಎಂದು ಬರೆದು, ಪಕ್ಕದಲ್ಲಿ ಜುಲೈ 31 ಎಂದು ಹಾಕಿದಳು. ಕೊನೆಯ ದಿನ ಸಾಮಾನ್ಯವಾಗಿ ಅದೇ. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡು ಕೂತಿದ್ದು, ‘ಚಿಕ್ಕಮ್ಮ, 31ರ ರಾತ್ರಿ ಹನ್ನೆರಡು ಅಂದ್ರೆ ಅವರ ರಾತ್ರಿನಾ, ನಮ್ಮ ರಾತ್ರಿನಾ?’ ಎಂದು ಕೇಳಿದಳು. ನನ್ನ 61ರಲ್ಲಿ ಒಂದು ಖಾಲಿ ಸಾಲು ಇರುವುದು ಈ ಪ್ರಶ್ನೆಯನ್ನು ನಾನು ಕೇಳಿಕೊಳ್ಳದೇ ಇದ್ದದ್ದಕ್ಕೆ.