ಇಡೀ ಬಾತೋ, ಎದೆ ಮಾಂಸವೋ: ಫ್ರೋಜನ್ ಬಾತುಕೋಳಿ ತರಿಸುವವರಿಗೆ

2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದೊಂದಿಗಿನ ಮಾತುಕತೆಯಲ್ಲಿ ಭಾರತ ಫ್ರೋಜನ್ ಬಾತುಕೋಳಿಯ ಆಮದು ಸುಂಕ ಇಳಿಸಲು ಒಪ್ಪಿತು. ಆಮೇಲೆ ಬೆಂಗಳೂರಿನ ಹೋಟೆಲಿನವರಿಗೂ ಇಡೀ ಬಾತು ತರಿಸಬೇಕೋ, ಬರೀ ಎದೆ ಮಾಂಸವೋ ಎಂಬ ಲೆಕ್ಕ ಮುಖ್ಯವಾಗಿದೆ.

ಮಾಂಸಕ್ಕಾಗಿ ಸಾಕುವ ಬಿಳಿ ತಳಿಯಾದ ಪೆಕಿನ್ ಬಾತು ಇಡಿಯಾಗಿ ಕೊಂಡರೆ ಕಿಲೋ ದರದಲ್ಲಿ ಅಗ್ಗ. ಆದರೆ ಆ ದರ ಮೋಸಗೊಳಿಸುತ್ತದೆ: ಮೂಳೆ, ಚರ್ಮ, ಕೊಬ್ಬು ತೆಗೆದರೆ ಕೈಗೆ ಸಿಗುವ ಮಾಂಸ ಅರ್ಧಕ್ಕಿಂತಲೂ ಕಡಿಮೆ. ಕಂಟೇನರ್ ಬಾಡಿಗೆ, ಸುಂಕ ಮಾತ್ರ ಮೂಳೆಗೂ ಬೀಳುತ್ತವೆ. ಹಾಗಾಗಿ ಕೊಟೇಶನ್ ಬಂದಾಗ ಕಿಲೋ ಬೆಲೆ ಬಿಡಿ, ತಟ್ಟೆಗೆ ಬೀಳುವ ಮಾಂಸದ ಬೆಲೆ ಹಾಕಿ ನೋಡಿ. ತಲೆ, ಕಾಲು ಸೇರಿದೆಯೇ, ಮೇಲಿನ ಹಿಮದ ಪದರ ತೂಕದಲ್ಲಿದೆಯೇ ಎಂಬುದನ್ನೂ ಬರವಣಿಗೆಯಲ್ಲೇ ಕೇಳಿ.

ಎದೆ ಮಾಂಸ ದುಬಾರಿ, ಆದರೆ ವ್ಯರ್ಥ ಕಡಿಮೆ. ಅಳತೆ ಒಂದೇ ಸಮ, ಫ್ರೀಜರ್‌ನಲ್ಲಿ ಜಾಗವೂ ಉಳಿಯುತ್ತದೆ.

ಚರ್ಮ ಗರಿಗರಿಯಾಗುವಂತೆ ಹುರಿಯುವ ಚೀನೀ ಪೀಕಿಂಗ್ ಶೈಲಿಯ ರೋಸ್ಟ್ ಮಾಡುವವರಿಗೆ ಇಡೀ ಬಾತೇ ಬೇಕು. ಕೊಬ್ಬು ಕರಗಿಸಿ ಬಳಸುವ, ಮೂಳೆಯಿಂದ ಸೂಪ್ ತೆಗೆಯುವ ಅಡುಗೆಮನೆಗೂ ಅದೇ ಲಾಭ. ಬಾಣಸಿಗರು ಕಡಿಮೆ ಇದ್ದು, ಗ್ರಿಲ್ ಮಾತ್ರ ಮಾಡುವುದಾದರೆ ನನ್ನ ಮತ ಎದೆ ಮಾಂಸಕ್ಕೆ.

ಯಾವುದನ್ನೇ ಆರಿಸಿದರೂ ಒಂದೇ ದೇಶವನ್ನು ನಂಬಬೇಡಿ. ಹಕ್ಕಿಜ್ವರ ಕಾಣಿಸಿಕೊಂಡರೆ ಆ ಕಡೆಯ ಆಮದು ಏಕಾಏಕಿ ನಿಲ್ಲಬಹುದು.